ನೀಲಿ ಮುದ್ರಣವನ್ನು ಪರದೆಯಲ್ಲೇ ನೋಡಿಕೊಳ್ಳುವುದು: ಸಯಾನೋಟೈಪ್‌ಗೊಂದು ಐಸಿಸಿ ಪ್ರೊಫೈಲ್

ಪರದೆಯ ಮೇಲೆ ಚೆಂದ ಕಂಡ ಚಿತ್ರ ಸಯಾನೋಟೈಪ್ ಆಗಿ ತೊಳೆದು ಒಣಗಿದ ಮೇಲೆ ಸಪ್ಪೆಯಾಗುವುದು ಡಿಜಿಟಲ್ ನೆಗೆಟಿವ್ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಸಯಾನೋಟೈಪ್ ಎಂದರೆ ಕಬ್ಬಿಣದ ಲವಣ ಲೇಪಿಸಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಯುವಿ ಬೆಳಕಿಗೆ ಒಡ್ಡಿ, ನೀರಿನಲ್ಲಿ ತೊಳೆದು ಪಡೆಯುವ ನೀಲಿ ಚಿತ್ರ; ಆ ನೆಗೆಟಿವ್ ಅನ್ನು ಪ್ರಿಂಟರ್‌ನಿಂದ ಪಾರದರ್ಶಕ ಫಿಲ್ಮ್ ಮೇಲೆ ಮುದ್ರಿಸಿಕೊಂಡರೆ ಅದು ಡಿಜಿಟಲ್ ನೆಗೆಟಿವ್. ಫೈಲಿನ ಛಾಯೆಗಳನ್ನು ಮುದ್ರಣಕ್ಕೆ ಹೊಂದಿಸುವ ತಿದ್ದುಪಡಿಯ ಕರ್ವ್ ಸರಿಯಾಗಿಯೇ ಇರುತ್ತದೆ, ಪರೀಕ್ಷೆಯ ಚಾರ್ಟ್‌ನಲ್ಲಿ ತಿಳಿಯಿಂದ ಕಡುವಿನವರೆಗಿನ 21 ಮೆಟ್ಟಿಲುಗಳೂ ಬಿಡಿಬಿಡಿಯಾಗಿ ಕಾಣುತ್ತವೆ, ಆದರೂ ಚಿತ್ರದಲ್ಲಿ ಕಸುವಿಲ್ಲ. ತಪ್ಪು ಕರ್ವ್‌ನದಲ್ಲ. ಅದು ಛಾಯೆಗಳನ್ನು ಸಮನಾಗಿ ಹಂಚುತ್ತದೆ, ಅಷ್ಟೇ. ಹಂಚುವುದಕ್ಕೆ ಎಷ್ಟು ಜಾಗವಿದೆ ಎಂಬುದನ್ನು ತೀರ್ಮಾನಿಸುವುದು ಕಾಗದ ಮತ್ತು ರಸಾಯನ. ಆ ಜಾಗ ಎಷ್ಟು ಇಕ್ಕಟ್ಟು ಎಂದು ಫಿಲ್ಮ್ ಮುದ್ರಿಸುವ ಮೊದಲೇ ಕಣ್ಣಾರೆ ಕಂಡರೆ ಚಿತ್ರವನ್ನು ಅದಕ್ಕೆ ತಕ್ಕ ಹಾಗೆ ಹದಮಾಡಿಕೊಳ್ಳಬಹುದು. ಅದಕ್ಕಾಗಿ ಫೈಲಿನಿಂದ ಹಿಡಿದು ಒಣಗಿದ ನೀಲಿ ಕಾಗದದವರೆಗಿನ ಇಡೀ ಸರಪಳಿಗೆ ಒಂದು ಕಲರ್ ಪ್ರೊಫೈಲ್ (ಯಾವ ಸಂಖ್ಯೆಗೆ ಯಾವ ಬಣ್ಣ ಬರುತ್ತದೆ ಎಂದು ತಂತ್ರಾಂಶಕ್ಕೆ ಹೇಳುವ ಐಸಿಸಿ ಮಾದರಿಯ ಫೈಲ್) ಕಟ್ಟಿದೆ. ಹೇಗೆ ಕಟ್ಟಿದೆ, ಅದು ಏನನ್ನು ತೋರಿಸಿತು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪ್ರೊಫೈಲ್ ಯಾವುದಕ್ಕೆ?

ಪ್ರಿಂಟರ್ ಜೊತೆ ಬರುವ ಸಿದ್ಧ ಪ್ರೊಫೈಲ್‌ಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಾಗದದ ಮೇಲಿನ ಶಾಯಿ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಅವು ಹೇಳುತ್ತವೆ. ನಮ್ಮ ನೆಗೆಟಿವ್ ಅನ್ನು ನೋಡುವುದು ಕಣ್ಣಲ್ಲ, ಯುವಿ ದೀಪ. ಫಿಲ್ಮ್ ಮೇಲೆ ತೆಳುವಾಗಿ ಕಾಣುವ ಹಳದಿ ಛಾಯೆಯ ಶಾಯಿ ಯುವಿ ಕಿರಣವನ್ನು ಗಟ್ಟಿಯಾಗಿ ತಡೆಯಬಹುದು, ಕಪ್ಪಗೆ ಕಾಣುವ ಬೂದು ಅಷ್ಟು ತಡೆಯದೇ ಇರಬಹುದು. ಹಾಗಾಗಿ ನೆಗೆಟಿವ್‌ನ ಬಣ್ಣ ಅಳೆದು ಪ್ರಯೋಜನವಿಲ್ಲ. ಪ್ರಿಂಟರ್, ಶಾಯಿ, ಫಿಲ್ಮ್, ದೀಪ, ಲೇಪ, ಕಾಗದ, ತೊಳೆಯುವ ನೀರು ಎಲ್ಲವನ್ನೂ ಮುಚ್ಚಿದ ಒಂದೇ ಪೆಟ್ಟಿಗೆ ಎಂದುಕೊಳ್ಳಬೇಕು. ಒಂದು ಕಡೆಯಿಂದ 0ಯಿಂದ 255ರವರೆಗಿನ ಒಂದು ಬೂದು ಸಂಖ್ಯೆ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಒಂದು ನೀಲಿ ಹೊರಗೆ ಬರುತ್ತದೆ. ಆ ನೀಲಿಯ ಲ್ಯಾಬ್ ಅಳತೆಯೇ ಪ್ರೊಫೈಲ್‌ನ ತಿರುಳು. ಲ್ಯಾಬ್‌ನಲ್ಲಿ ಎಲ್ ಎಂದರೆ ಹೊಳಪು (0 ಕಪ್ಪು, 100 ಬಿಳಿ), ಎ ಎಂದರೆ ಹಸಿರು-ಕೆಂಪಿನ ನಡುವಿನ ವಾಲು, ಬಿ ಎಂದರೆ ನೀಲಿ-ಹಳದಿಯ ನಡುವಿನ ವಾಲು.

ಹೀಗೆ ನೋಡಿದರೆ ಕೆಲಸ ತುಂಬ ಹಗುರ. ಬಣ್ಣದ ಪ್ರಿಂಟರ್‌ಗಾದರೆ ನೂರಾರು ಪ್ಯಾಚ್ ಅಳೆಯಬೇಕು, ಏಕೆಂದರೆ ಅಲ್ಲಿ ಮೂರು ನಾಲ್ಕು ದಿಕ್ಕಿನಲ್ಲಿ ಬಣ್ಣ ಬದಲಾಗುತ್ತದೆ. ಸಯಾನೋಟೈಪ್‌ನಲ್ಲಿರುವುದು ಒಂದೇ ದಾರಿ: ಕಾಗದದ ಬಿಳಿಯಿಂದ ಪ್ರಷ್ಯನ್ ನೀಲಿಯ ಆಳಕ್ಕೆ. ಆ ದಾರಿಯಲ್ಲಿ 21 ಕಡೆ ನಿಂತು ಅಳೆದರೆ ಸಾಕು.

ಮೊದಲು ಸರಪಳಿ ಗಟ್ಟಿಯಾಗಬೇಕು

ಅಲುಗಾಡುವ ಪ್ರಕ್ರಿಯೆಗೆ ಪ್ರೊಫೈಲ್ ಮಾಡಿದರೆ ಆ ಒಂದು ದಿನದ ಹವಾಮಾನಕ್ಕೆ ಪ್ರೊಫೈಲ್ ಮಾಡಿದಂತೆ. ಅದಕ್ಕೇ ರಸಾಯನದಲ್ಲಿ ಹೊಸತೇನನ್ನೂ ಪ್ರಯತ್ನಿಸದೆ ಹಳೆಯ ಸೂತ್ರವನ್ನೇ ಇಟ್ಟುಕೊಂಡೆ: 100 ಮಿಲಿ ನೀರಿಗೆ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದು 100 ಮಿಲಿಗೆ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಲೇಪಿಸುವ ಹೊತ್ತಿಗೆ ಸಮಸಮ ಬೆರೆಸುವುದು. ಜಾನ್ ಹರ್ಷಲ್ 1842ರಲ್ಲಿ ಕಂಡುಕೊಂಡ ಈ ವಿಧಾನದ ಮೂಲ ಜೋಡಿ ಈಗಲೂ ಅದೇ. ಕಾಗದ ಮಾತ್ರ ನೋಡಿ ಆರಿಸಬೇಕು. ಸುಣ್ಣದ ಅಂಶ ಸೇರಿಸಿದ, ಅಂದರೆ ಬಫರ್ ಮಾಡಿದ ಕಾಗದ ಬೇಡ. ಪ್ರಷ್ಯನ್ ನೀಲಿಗೂ ಕ್ಷಾರಕ್ಕೂ ಆಗಿಬರುವುದಿಲ್ಲ, ಬಣ್ಣ ಮೆಲ್ಲಗೆ ಇಳಿಯುತ್ತದೆ. ಅಳತೆ ತೆಗೆದ ಚಾರ್ಟ್ ಸ್ವಲ್ಪ ಕಾಲದ ಮೇಲೆ ಬೇರೆಯೇ ಅಂಕಿ ಕೊಟ್ಟರೆ ಪ್ರೊಫೈಲ್‌ಗೆ ಏನು ಬೆಲೆ?

ಎಕ್ಸ್‌ಪೋಷರ್ ನಿಗದಿ ಮಾಡುವ ರೀತಿ ಹಳೆಯದೇ. ಲೇಪಿಸಿದ ಕಾಗದದ ಮೇಲೆ ಶಾಯಿಯಿಲ್ಲದ ಖಾಲಿ ಫಿಲ್ಮ್ ಇಟ್ಟು, ಪಟ್ಟಿಪಟ್ಟಿಯಾಗಿ ಸಮಯ ಹೆಚ್ಚಿಸುತ್ತ ಹೋಗಬೇಕು. ಒಣಗಿದ ಮೇಲೆ ಯಾವ ಪಟ್ಟಿಯಿಂದಾಚೆ ನೀಲಿ ಇನ್ನಷ್ಟು ಆಳಕ್ಕಿಳಿಯುವುದಿಲ್ಲವೋ ಅದೇ ನಮ್ಮ ಸಮಯ. ಅದಕ್ಕಿಂತ ಹೆಚ್ಚು ಕೊಟ್ಟರೆ ಆಳ ಹೆಚ್ಚುವುದಿಲ್ಲ, ಬೆಳಕಿನ ಭಾಗಗಳು ಸುಮ್ಮನೆ ಕೊಳೆಯಾಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದೀಪದಡಿಯಿಂದ ಈಗಷ್ಟೇ ತೆಗೆದ ಹಾಳೆಯಲ್ಲಿ ಅತಿ ಹೆಚ್ಚು ಬೆಳಕು ಬಿದ್ದ ಜಾಗ ನೀಲಿಯಾಗಿರುವ ಬದಲು ಬೂದು ಬೂದಾಗಿ, ಪಕ್ಕದ ಮೆಟ್ಟಿಲಿಗಿಂತ ತಿಳಿಯಾಗಿ ಕಾಣುತ್ತದೆ. ಅಲ್ಲಿ ಪ್ರಷ್ಯನ್ ನೀಲಿ ಇನ್ನಷ್ಟು ಅಪಕರ್ಷಣಗೊಂಡು ಬಣ್ಣವಿಲ್ಲದ ರೂಪಕ್ಕೆ ತಿರುಗಿರುತ್ತದೆ. ಗಾಳಿಯ ಆಮ್ಲಜನಕ ತಾಗುತ್ತ ಬಂದ ಹಾಗೆ ಅದು ಮತ್ತೆ ನೀಲಿಯಾಗುತ್ತದೆ. ಆದರೆ ನಿಧಾನ. ಬೇಗ ಆಗಬೇಕಿದ್ದರೆ ತೊಳೆದ ಮೇಲೆ ತೀರಾ ತೆಳುವಾದ ಹೈಡ್ರೋಜನ್ ಪೆರಾಕ್ಸೈಡ್ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬಹುದು, ಕಣ್ಣೆದುರೇ ನೀಲಿ ಧುಮ್ಮಿಕ್ಕಿ ಬರುತ್ತದೆ. ಒದ್ದೆ ಹಾಳೆಯಲ್ಲಿ ಅಥವಾ ಅರೆಬರೆ ಒಣಗಿದ್ದರಲ್ಲಿ ಅಳತೆ ತೆಗೆಯುವ ಮಾತೇ ಬೇಡ. ಒಂದು ಇಡೀ ದಿನ ಗಾಳಿಗೆ ಬಿಟ್ಟು ಆಮೇಲೆ ಅಳೆಯುವುದು ಕ್ಷೇಮ. ಕೊನೆಯ ಎರಡು ಮೆಟ್ಟಿಲುಗಳು ತಿರುವುಮುರುವಾಗಿ ಬಂದರೆ ಯಾವ ತಂತ್ರಾಂಶವೂ ಅದನ್ನು ನೆಟ್ಟಗೆ ಮಾಡಲಾರದು.

ಕರ್ವ್ ಕೂಡ ಈ ಹಂತದಲ್ಲೇ ಮುಗಿಯಬೇಕು. ಮೊದಲ ಚಾರ್ಟ್ ಕರ್ವ್ ಇಲ್ಲದೆ ಮುದ್ರಿಸಿ, ಅಳೆದು, ಮೆಟ್ಟಿಲುಗಳು ಸಮ ಅಂತರದಲ್ಲಿ ಬರುವ ಹಾಗೆ ಕರ್ವ್ ಮಾಡಿ, ಅದನ್ನು ಹಾಕಿ ಎರಡನೆಯ ಚಾರ್ಟ್ ಮುದ್ರಿಸುವುದು. ಪ್ರೊಫೈಲ್‌ಗೆ ಬೇಕಾದದ್ದು ಈ ಎರಡನೆಯ ಚಾರ್ಟ್‌ನ ಅಳತೆ. ಇನ್ನು ಮುಂದೆ ಕರ್ವ್ ಮುಟ್ಟಿದರೆ ಪ್ರೊಫೈಲ್ ಹಳಸಿತೆಂದೇ ಲೆಕ್ಕ.

ಚಾರ್ಟ್ ಮತ್ತು ಅಳತೆ

ಚಾರ್ಟ್‌ನಲ್ಲಿ 0ಯಿಂದ 100ರವರೆಗೆ ಶೇ 5ರ ಅಂತರದಲ್ಲಿ 21 ಪ್ಯಾಚ್. ಅವನ್ನು ಕ್ರಮವಾಗಿ ಸಾಲಾಗಿ ಇಡದೆ ಕಲಸಿ ಹರಡಿದೆ. ಕುಂಚದಲ್ಲಿ ಲೇಪಿಸುವಾಗ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾಗುವುದು ಸಹಜ. ಕ್ರಮವಾಗಿಟ್ಟರೆ ಆ ಏರುಪೇರು ಮೆಟ್ಟಿಲುಗಳ ಜೊತೆ ಸೇರಿಕೊಂಡು ಕರ್ವ್‌ನ ವೇಷ ಹಾಕುತ್ತದೆ. ಕಲಸಿದರೆ ಅದು ಅಲ್ಲಲ್ಲಿ ಎದ್ದು ಕಾಣುವ ಗದ್ದಲವಾಗಿ ಉಳಿಯುತ್ತದೆ, ಸರಾಸರಿಯಲ್ಲಿ ಕರಗುತ್ತದೆ. ಅದೇ ಹಾಳೆಯಲ್ಲಿ ಚಾರ್ಟ್‌ನ ಇನ್ನೊಂದು ಪ್ರತಿಯನ್ನು ತಲೆಕೆಳಗಾಗಿ ಮುದ್ರಿಸಿ ಎರಡರ ಸರಾಸರಿ ತೆಗೆದುಕೊಂಡೆ.

ಚಾರ್ಟ್ ಫೈಲಿಗೆ ಯಾವ ಪ್ರೊಫೈಲೂ ಅಂಟಿಕೊಂಡಿರಬಾರದು, ಮುದ್ರಿಸುವಾಗ ಡ್ರೈವರ್‌ನ ಬಣ್ಣ ತಿದ್ದುವಿಕೆಯೂ ಆರಿರಬೇಕು. ಫೋಟೋಶಾಪ್‌ನಲ್ಲಿ ಬೂದು ಫೈಲ್ ಮಾಡಿದರೆ ಅದರ ಮೂಲ ಸೆಟ್ಟಿಂಗ್ ‘ಡಾಟ್ ಗೇನ್ 20%’ ಸದ್ದಿಲ್ಲದೆ ಸಂಖ್ಯೆ ಬದಲಿಸುವ ಸಂಭವವುಂಟು. ಅದಕ್ಕೇ ನಾನು ಎಲ್ಲವನ್ನೂ ಆರ್‌ಜಿಬಿ ಫೈಲಿನಲ್ಲೇ, ಮೂರೂ ಚಾನೆಲ್‌ಗೆ ಒಂದೇ ಸಂಖ್ಯೆ ಕೊಟ್ಟು ಮಾಡಿದೆ.

ಅಳತೆಗೆ ಬಣ್ಣ ಅಳೆಯುವ ಉಪಕರಣವಾದ ಸ್ಪೆಕ್ಟ್ರೋಫೋಟೋಮೀಟರ್ ಬಳಸಿದೆ. ಸ್ಕ್ಯಾನರ್‌ನಲ್ಲೂ ಆಗುತ್ತದೆ, ಆದರೆ ಒಂದು ಎಚ್ಚರಿಕೆ. ಸ್ಕ್ಯಾನರ್ ಹದಗೊಳಿಸಲು ಬಳಸುವ ಐಟಿ8 ಎಂಬ ಬಣ್ಣದ ಪ್ಯಾಚ್‌ಗಳ ಹಲಗೆ ಫೋಟೋ ಕಾಗದದ ವರ್ಣಗಳಿಂದ ಮಾಡಿದ್ದು. ಪ್ರಷ್ಯನ್ ನೀಲಿ ಬೆಳಕನ್ನು ಪ್ರತಿಫಲಿಸುವ ಬಗೆಯೇ ಬೇರೆ. ಹಾಗಾಗಿ ಸ್ಕ್ಯಾನರ್ ಕೊಡುವ ಹೊಳಪಿನ ಅಂಕಿಯನ್ನು ಹೆಚ್ಚುಕಮ್ಮಿ ನಂಬಬಹುದು, ನೀಲಿಯ ವರ್ಣವನ್ನು ನಂಬಬಾರದು. ಛಾಯೆಗಳ ಹಂಚಿಕೆ ಮಾತ್ರ ನೋಡಬೇಕೆನ್ನುವವರಿಗೆ ಸ್ಕ್ಯಾನರ್ ಸಾಕು.

ಬಂದ ಅಂಕಿಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ. 255ರಲ್ಲಿ, ಅಂದರೆ ಕಾಗದದ ಬಿಳಿಯಲ್ಲಿ: ಎಲ್ 95, ಎ 0, ಬಿ +3. 64ರಲ್ಲಿ: ಎಲ್ 43, ಎ −8, ಬಿ −36. 0ಯಲ್ಲಿ, ಅತಿ ಆಳದಲ್ಲಿ: ಎಲ್ 26, ಎ −1, ಬಿ −26.

ಎರಡು ವಿಷಯ ಗಮನಿಸಿ. ನೀಲಿ ಅತ್ಯಂತ ಗಾಢವಾಗಿರುವುದು ಕಡು ನೆರಳಿನಲ್ಲಲ್ಲ, ಅದಕ್ಕಿಂತ ಒಂದಿಷ್ಟು ಮೇಲೆ. ಆಳಕ್ಕೆ ಹೋದಂತೆ ಅದು ಕಪ್ಪಿನತ್ತ ಬಾಗುತ್ತದೆ. ಬೂದು ಚಿತ್ರದ ಮೇಲೆ ಒಂದು ನೀಲಿ ಪದರ ಹಾಕಿ ‘ಸಯಾನೋಟೈಪ್ ಎಫೆಕ್ಟ್’ ಮಾಡುವವರ ಚಿತ್ರ ಸುಳ್ಳು ಸುಳ್ಳಾಗಿ ಕಾಣುವುದು ಇದರಿಂದಲೇ. ಎರಡನೆಯದು ವ್ಯಾಪ್ತಿಯ ಲೆಕ್ಕ. ಎಲ್ 95 ಎಂದರೆ ಬೆಳಕಿನ ಶೇ 87.6 ಭಾಗ ಹಿಂದಿರುಗುತ್ತದೆ, ಎಲ್ 26 ಎಂದರೆ ಶೇ 4.7. ಒಂದಕ್ಕೊಂದು ಭಾಗಿಸಿದರೆ ಸುಮಾರು 18. ಸಾಧಾರಣ ಮಾನಿಟರ್‌ನ ಕಾಂಟ್ರಾಸ್ಟ್ ಸಾವಿರದ ಆಸುಪಾಸು. ಆ ಸಾವಿರವನ್ನು ಈ ಹದಿನೆಂಟರಲ್ಲಿ ತುರುಕಬೇಕು.

ಪ್ರೊಫೈಲ್ ಕಟ್ಟಿದ್ದು

ಸಿದ್ಧ ಉಪಕರಣ ಬೇಕೆನ್ನುವವರಿಗೆ ಕಪ್ಪು-ಬಿಳುಪು ಮುದ್ರಣದ ತಂತ್ರಾಂಶ ಕ್ವಾಡ್‌ಟೋನ್‌ರಿಪ್ ಜೊತೆ ಬರುವ ಕ್ರಿಯೇಟ್-ಐಸಿಸಿ ಇದೆ, ಮೆಟ್ಟಿಲುಗಳ ಲ್ಯಾಬ್ ಅಳತೆಯ ಪಠ್ಯ ಫೈಲ್ ಕೊಟ್ಟರೆ ಪ್ರೊಫೈಲ್ ಮಾಡಿಕೊಡುತ್ತದೆ. ಒಳಗೆ ಏನಾಗುತ್ತದೆ ಎಂದು ನೋಡುವ ಚಪಲಕ್ಕೆ ನಾನು ಬಣ್ಣ ಪರಿವರ್ತನೆಯ ಲಿಟಲ್‌ಸಿಎಂಎಸ್ ಲೈಬ್ರರಿ ಬಳಸಿ ಸಣ್ಣದೊಂದು ಪ್ರೋಗ್ರಾಂ ಬರೆದೆ.

ಔಟ್‌ಪುಟ್ ಪ್ರೊಫೈಲ್‌ನಲ್ಲಿ ಮುಖ್ಯವಾಗಿ ಎರಡು ದಿಕ್ಕಿನ ಕೋಷ್ಟಕಗಳಿರುತ್ತವೆ. ‘ಎ-ಟು-ಬಿ’ ಎಂಬುದು ಸಾಧನದ ಸಂಖ್ಯೆಯಿಂದ ಬಣ್ಣಕ್ಕೆ, ‘ಬಿ-ಟು-ಎ’ ಎಂಬುದು ಬಣ್ಣದಿಂದ ಸಾಧನದ ಸಂಖ್ಯೆಗೆ. ನಡುವೆ ಇರುವುದು ಡಿ50 ಎಂಬ ಪ್ರಮಾಣಿತ ಬೆಳಕಿಗೆ ಹೊಂದಿಸಿದ ಲ್ಯಾಬ್ ಅಥವಾ ಬಣ್ಣ ಹೇಳುವ ಇನ್ನೊಂದು ಅಳತೆಯಾದ ಎಕ್ಸ್‌ವೈಝಡ್. ನನ್ನ ಎ-ಟು-ಬಿ ಕೋಷ್ಟಕ 17×17×17ರ ಜಾಲರಿ. ಪ್ರತಿ ಗಂಟಿನಲ್ಲಿ ಕೆಂಪು, ಹಸಿರು, ನೀಲಿಯ ಸರಾಸರಿ ತೆಗೆದು, ಆ ಬೂದಿಗೆ ಅಳತೆಯಲ್ಲಿ ಬಂದ ಲ್ಯಾಬ್ ಅನ್ನು ತುಂಬಿಸಿದೆ. 21 ಬಿಂದುಗಳ ನಡುವಿನದನ್ನು ನಯವಾದ ಕರ್ವ್‌ನಿಂದ ಪಡೆದೆ. ಬಿ-ಟು-ಎ ಇನ್ನೂ ಸುಲಭ: ಬಂದ ಬಣ್ಣದ ಎಲ್ ಮಾತ್ರ ನೋಡಿ, ಆ ಹೊಳಪು ಕೊಡುವ ಬೂದು ಸಂಖ್ಯೆಯನ್ನು ಮೂರೂ ಚಾನೆಲ್‌ಗೆ ಕೊಡುವುದು.

ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ. ಕೋಷ್ಟಕದೊಳಗಿನ ಬಣ್ಣಗಳು ಕಾಗದದ ಬಿಳಿಗೆ ಸಾಪೇಕ್ಷವಾಗಿರಬೇಕು. ಅಳೆದ ಲ್ಯಾಬ್ ಅನ್ನು ಹಾಗೇ ತುಂಬಿದರೆ ತಪ್ಪು. ಮೊದಲು ಎಕ್ಸ್‌ವೈಝಡ್‌ಗೆ ಪರಿವರ್ತಿಸಿ, ಕಾಗದದ ಎಕ್ಸ್‌ವೈಝಡ್‌ನಿಂದ ಭಾಗಿಸಿ, ಡಿ50ಯಿಂದ ಗುಣಿಸಿ, ಮತ್ತೆ ಲ್ಯಾಬ್ ಮಾಡಬೇಕು. ಆಗ ಕಾಗದ ಸರಿಯಾಗಿ 100, 0, 0 ಆಗುತ್ತದೆ, ಆಳದ ನೀಲಿಯ ಎಲ್ 26 ಇದ್ದದ್ದು 28ರ ಹತ್ತಿರ ಬರುತ್ತದೆ. ಕಾಗದದ ನಿಜವಾದ ಬಿಳಿ ‘ಮೀಡಿಯಾ ವೈಟ್ ಪಾಯಿಂಟ್’ ಎಂಬ ಬೇರೆ ಟ್ಯಾಗ್‌ನಲ್ಲಿ ಕೂರುತ್ತದೆ. ಪೂರ್ವವೀಕ್ಷಣೆಯಲ್ಲಿ ಕಾಗದದ ಬಣ್ಣ ತೋರಿಸು ಎಂದಾಗ ತಂತ್ರಾಂಶ ಅಲ್ಲಿಂದಲೇ ಅದನ್ನು ಎತ್ತಿಕೊಳ್ಳುವುದು.

ಪರದೆಯಲ್ಲಿ ನೋಡಿದಾಗ

ಮುದ್ರಣ ಹೇಗೆ ಬರುತ್ತದೆ ಎಂದು ಪರದೆಯಲ್ಲೇ ತೋರಿಸುವ ಫೋಟೋಶಾಪ್‌ನ ‘ಪ್ರೂಫ್ ಸೆಟಪ್’ನಲ್ಲಿ ಈ ಪ್ರೊಫೈಲ್ ಆರಿಸಿ, ‘ಪ್ರಿಸರ್ವ್ ಆರ್‌ಜಿಬಿ ನಂಬರ್ಸ್’ಗೆ ಗುರುತು ಹಾಕಿದೆ. ಈ ಒಂದು ಗುರುತಿನ ಮೇಲೆ ಎಲ್ಲವೂ ನಿಂತಿದೆ. ಗುರುತಿಲ್ಲದಿದ್ದರೆ ತಂತ್ರಾಂಶ ‘ನೀನು ಮುದ್ರಿಸುವ ಮೊದಲು ಈ ಪ್ರೊಫೈಲ್‌ಗೆ ಪರಿವರ್ತನೆ ಮಾಡುತ್ತೀಯ’ ಎಂದುಕೊಂಡು ಸಂಖ್ಯೆಗಳನ್ನು ಬದಲಿಸಿ ತೋರಿಸುತ್ತದೆ. ನನ್ನ ರೂಢಿಯಲ್ಲಿ ಅಂಥ ಪರಿವರ್ತನೆ ಇಲ್ಲ. ಫೈಲನ್ನು ನೆಗೆಟಿವ್ ಆಗಿ ತಿರುಗಿಸಿ, ಕರ್ವ್ ಹಾಕಿ, ನೇರ ಫಿಲ್ಮ್‌ಗೆ ಕಳಿಸುತ್ತೇನೆ. ಹಾಗಾಗಿ ಫೈಲಿನ ಸಂಖ್ಯೆಗಳು ಇದ್ದ ಹಾಗೇ ಪೆಟ್ಟಿಗೆಯೊಳಗೆ ಹೋದರೆ ಏನಾಗುತ್ತದೆ ಎಂದು ನೋಡಬೇಕು. ಗುರುತು ಹಾಕಿದರೆ ಕಾಣುವುದು ಅದೇ. ನೋಡುವುದು ಪಾಸಿಟಿವ್ ಚಿತ್ರವನ್ನು ಎಂಬುದನ್ನೂ ಮರೆಯಬಾರದು. ನೆಗೆಟಿವ್‌ಗೆ ಈ ಪ್ರೊಫೈಲ್ ಹಚ್ಚಿದರೆ ಅದಕ್ಕೆ ಅರ್ಥವೇ ಇಲ್ಲ.

‘ಸಿಮ್ಯುಲೇಟ್ ಪೇಪರ್ ಕಲರ್’ ಆರಿಸಿದ ಕೂಡಲೇ ಚಿತ್ರ ಗ್ರಹಣ ಹಿಡಿದಂತಾಗುತ್ತದೆ. ಬಹಳ ಜನ ಅಲ್ಲಿಗೇ ಹೆದರಿ ಗುರುತು ತೆಗೆದುಬಿಡುತ್ತಾರೆ. ತೆಗೆಯಬೇಡಿ. ಅದಿಲ್ಲದಾಗ ತಂತ್ರಾಂಶ ಕಾಗದದ ಬಿಳಿಯನ್ನು ಮಾನಿಟರ್‌ನ ಬಿಳಿಗೂ, ಆಳದ ನೀಲಿಯನ್ನು ಮಾನಿಟರ್‌ನ ಕಪ್ಪಿಗೂ ಎಳೆದು ಹಿಗ್ಗಿಸಿ ತೋರಿಸುತ್ತದೆ. ಅಂದರೆ ನಾವು ನೋಡಬೇಕೆಂದಿರುವ ಇಕ್ಕಟ್ಟನ್ನೇ ಮುಚ್ಚಿಡುತ್ತದೆ. ಕಣ್ಣಿಗೆ ಮೋಸವಾಗುವುದು ಸುತ್ತ ಇರುವ ಬಿಳಿ ಮೆನು, ಕಿಟಕಿಗಳಿಂದ. ಚಿತ್ರದ ಸುತ್ತ ಕ್ಯಾನ್ವಾಸ್ ಹಿಗ್ಗಿಸಿ 255ರ ಅಗಲವಾದ ಅಂಚು ಕೊಟ್ಟು, ಪೂರ್ಣ ಪರದೆಗೆ ಹೋಗಿ, ಪ್ರೂಫ್ ಒತ್ತುವಾಗ ಆಚೆ ನೋಡಿ, ಒಂದು ಗಳಿಗೆ ಬಿಟ್ಟು ಈಚೆ ನೋಡಿದರೆ ಆ ಅಂಚೇ ಕಣ್ಣಿಗೆ ಬಿಳಿಯಾಗಿ ಒಗ್ಗುತ್ತದೆ.

ಈಗ ಆ 64ಕ್ಕೆ ಮರಳುತ್ತೇನೆ. ಅಡೋಬ್ ಆರ್‌ಜಿಬಿ ಫೈಲಿನಲ್ಲಿ ಗ್ಯಾಮಾ 2.2ರ ಲೆಕ್ಕಕ್ಕೆ ಬೂದು 64 ಎಂದರೆ ಪರದೆಯ ಮೇಲೆ ಎಲ್ 26. ನನ್ನ ಮುದ್ರಣದ ಅತಿ ಆಳದ ನೀಲಿಯೂ ಎಲ್ 26! ಅಂದರೆ ಪರದೆಯಲ್ಲಿ ಕಾಲು ಭಾಗದ ಬೂದು ಎಷ್ಟು ಕತ್ತಲೆಯೋ ಈ ಕಾಗದದ ಕಪ್ಪು ಅಷ್ಟೇ ಕತ್ತಲೆ. 64ರ ಕೆಳಗೆ ಕಣ್ಣು ಕಂಡು ಸುಖಿಸಿದ ನೆರಳೆಲ್ಲ ಅದೇ ಕತ್ತಲಾಗಿ ಕಾಗದಕ್ಕೆ ಬರುವುದು ಅಸಾಧ್ಯ. ಆ 64 ಸ್ವತಃ ಮುದ್ರಣದಲ್ಲಿ ಎಲ್ 43ಕ್ಕೆ ಏರಿ ಕೂತಿರುತ್ತದೆ. ಮಧ್ಯದ 128 ಪರದೆಯಲ್ಲಿ 54, ಮುದ್ರಣದಲ್ಲಿ 60ರ ಮೇಲೆ. ಸಪ್ಪೆಯ ಮೂಲ ಇಲ್ಲಿದೆ, ಕರ್ವ್‌ನಲ್ಲಲ್ಲ.

ಪ್ರೂಫ್ ಹಾಕಿಕೊಂಡೇ ಚಿತ್ರ ತಿದ್ದಲು ಶುರುಮಾಡಿದೆ. ಹಳೆಯ ಕಟ್ಟಡವೊಂದರ ಕಂಬಸಾಲಿನ ಚಿತ್ರ. ಮೊದಲಿನ ರೂಢಿಯಲ್ಲಾದರೆ ನೆರಳಿನ ವಿವರ ಉಳಿಸಲು ಅದನ್ನು ಎತ್ತುತ್ತಿದ್ದೆ. ಪ್ರೂಫ್‌ನಲ್ಲಿ ಕಂಡದ್ದು ಅದಕ್ಕೆ ತದ್ವಿರುದ್ಧ: ನೆರಳು ಆಗಲೇ ಎದ್ದು ಕೂತಿದೆ, ಕೆಳಗಿಳಿಸಬೇಕು. ಕಂಬಗಳ ಹಿಂದಿನ ಕತ್ತಲನ್ನು ವಿವರ ಬಿಟ್ಟುಕೊಟ್ಟು 0ಗೆ ಹತ್ತಿರ ಒತ್ತಿದೆ, ಕಲ್ಲಿನ ಮೈಯ ಮಧ್ಯಛಾಯೆಯಲ್ಲಿ ಮಾತ್ರ ಸ್ಥಳೀಯ ಕಾಂಟ್ರಾಸ್ಟ್ ಹೆಚ್ಚಿಸಿದೆ. ಪ್ರೂಫ್ ತೆಗೆದು ನೋಡಿದರೆ ಚಿತ್ರ ಒರಟು, ಅತಿಯಾಗಿ ಕಡುವಾಗಿದೆ ಅನ್ನಿಸುತ್ತದೆ. ನೀಲಿಯಲ್ಲಿ ಅದೇ ಹದ. ಪ್ರೂಫ್ ಇಲ್ಲದೆ ಇಷ್ಟು ಧೈರ್ಯವಾಗಿ ಒತ್ತಲು ಕೈ ಬರುವುದಿಲ್ಲ.

ಬಣ್ಣದ ವಿಚಾರಕ್ಕೆ ಹೆಚ್ಚು ಹೇಳುವುದಿಲ್ಲ. ಎಲ್ 43ರ ಆ ಗಾಢ ನೀಲಿ ಎಸ್‌ಆರ್‌ಜಿಬಿಯಲ್ಲಿ ಸುಮಾರು 35, 107, 161 ಆಗುತ್ತದೆ, ಕೆಂಪು ಚಾನೆಲ್ ತಳದ ಹತ್ತಿರ ಇಳಿದಿರುತ್ತದೆ. ಇನ್ನೂ ಗಾಢವಾದ ಲೇಪ ಬಂದರೆ ಎಸ್‌ಆರ್‌ಜಿಬಿ ಮಾನಿಟರ್ ಅದನ್ನು ತೋರಿಸಲಾರದು. ನಿಜ ಹೇಳಬೇಕೆಂದರೆ ನೀಲಿ ಯಾವ ನೀಲಿ ಎಂಬುದಕ್ಕಾಗಿ ಪ್ರೂಫ್ ಬೇಕಿಲ್ಲ, ಒಂದು ಮುದ್ರಣ ಪಕ್ಕದಲ್ಲಿಟ್ಟುಕೊಂಡರೆ ಸಾಕು. ಪ್ರೊಫೈಲ್ ದುಡಿಯುವುದು ಹೊಳಪಿನ ಲೆಕ್ಕದಲ್ಲಿ.

ಹೋಲಿಸಿ ನೋಡಿದ್ದು

ಮುದ್ರಣವನ್ನು ಪರದೆಯ ಪಕ್ಕ ಹಿಡಿದಾಗ ಮೊದಲು ಜಗಳವಾಡಿದ್ದು ಬೆಳಕು. ಹಳದಿ ದೀಪದಡಿ ಪ್ರಷ್ಯನ್ ನೀಲಿ ಮಂಕಾಗಿ ಕಪ್ಪಿನತ್ತ ಹೋಗುತ್ತದೆ. ಮುದ್ರಣ ನೋಡುವ ಬೆಳಕಿನ ಮಾನದಂಡ ಐಎಸ್‌ಒ 3664 ಪ್ರಕಾರ ಬೆಳಕು ಡಿ50, ಸಾಮಾನ್ಯ ಪರಿಶೀಲನೆಗೆ 500 ಲಕ್ಸ್, ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್. ಅಷ್ಟೆಲ್ಲ ಸಜ್ಜು ಇಲ್ಲದಿದ್ದರೂ, ದೀಪದ ಕೆಳಗಿನ ಖಾಲಿ ಕಾಗದ ಮತ್ತು ಪ್ರೂಫ್‌ನ ಬಿಳಿ ಅಂಚು ಒಂದೇ ಹೊಳಪಿಗೆ ಬರುವವರೆಗೆ ಮಾನಿಟರ್ ತಗ್ಗಿಸಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಹಾಗೆ ನೋಡಿದಾಗ ಮಧ್ಯಛಾಯೆ, ಬೆಳಕಿನ ಭಾಗ ಕಣ್ಣಿಗೆ ಸರಿಹೊಂದಿದವು. ಕಡು ನೆರಳು ಮಾತ್ರ ಪರದೆಯಲ್ಲಿ ಕೊಂಚ ಹೆಚ್ಚು ಕತ್ತಲೆ. ಒರಟು ಕಾಗದದ ಮೇಲ್ಮೈ ಸುತ್ತಲಿನ ಬೆಳಕನ್ನು ಚದುರಿಸಿ ಕಣ್ಣಿಗೆ ಕಳಿಸುತ್ತದೆ, ಅಳತೆಯ ಉಪಕರಣ 45 ಡಿಗ್ರಿಯಿಂದ ಬೆಳಕು ಬೀರಿ ನೇರ ಮೇಲಿಂದ ನೋಡುವುದರಿಂದ ಅದರಲ್ಲಿ ಹೆಚ್ಚಿನ ಪಾಲನ್ನು ಕಾಣುವುದೇ ಇಲ್ಲ.

ಇನ್ನೊಂದು ದಾರಿ ಹಿಡಿಯುವವರಿಗೆ ಒಂದು ಮಾತು. ಕರ್ವ್ ಬಿಟ್ಟು, ಈ ಪ್ರೊಫೈಲ್‌ಗೇ ಚಿತ್ರವನ್ನು ಪರಿವರ್ತಿಸಿ ಮೆಟ್ಟಿಲು ಸಮ ಮಾಡಿಕೊಳ್ಳುವ ವಿಧಾನವೂ ಇದೆ. ಆಗ ಚಾರ್ಟ್ ಅನ್ನು ಕರ್ವ್ ಇಲ್ಲದೆ ಮುದ್ರಿಸಿ ಅಳೆಯಬೇಕು, ಪ್ರೂಫ್‌ನಲ್ಲಿ ‘ಪ್ರಿಸರ್ವ್’ ಗುರುತು ತೆಗೆಯಬೇಕು, ಪರಿವರ್ತನೆಯಲ್ಲಿ ಬಳಸುವ ರೆಂಡರಿಂಗ್ ಇಂಟೆಂಟ್ (ಕಾಗದಕ್ಕೆ ಸಿಗದ ಬಣ್ಣಗಳನ್ನು ಹೊಂದಿಸುವ ರೀತಿ) ಮತ್ತು ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ (ಫೈಲಿನ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವುದು) ಅನ್ನೇ ಪ್ರೂಫ್‌ನಲ್ಲೂ ಇಡಬೇಕು. ಪರಿವರ್ತಿಸಿ ನೆಗೆಟಿವ್ ಆಗಿ ತಿರುಗಿಸಿದ ಮೇಲೆ ಫೈಲಿಗೆ ಅಂಟಿದ ಪ್ರೊಫೈಲ್ ಕಿತ್ತುಹಾಕಿ, ಇಲ್ಲವಾದರೆ ಮುದ್ರಿಸುವ ತಂತ್ರಾಂಶ ಅದನ್ನು ನೋಡಿ ಮತ್ತೊಮ್ಮೆ ಪರಿವರ್ತನೆ ಮಾಡೀತು. ಎರಡೂ ದಾರಿ ಸರಿ, ಎರಡನ್ನೂ ಬೆರೆಸಿದರೆ ತಿದ್ದುಪಡಿ ಎರಡು ಸಲ ಬೀಳುತ್ತದೆ.

ಪ್ರೊಫೈಲ್ ಎಷ್ಟು ನಿಖರವಾಗಿರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ: ಕೈಲೇಪದಲ್ಲಿ ಒಂದು ಹಾಳೆಗೂ ಇನ್ನೊಂದಕ್ಕೂ ಎಲ್‌ನಲ್ಲಿ ಎರಡು ಮೂರು ಅಂಕಿಯ ವ್ಯತ್ಯಾಸ ಬರುತ್ತದೆ, ಲೇಪದ ತೇವ ಹೆಚ್ಚು ಕಡಿಮೆಯಾದರೆ ಇನ್ನೂ ಹೆಚ್ಚು. ಅದರ ಮುಂದೆ ಪ್ಯಾಚ್‌ಗಳ ಸಂಖ್ಯೆ ಹೆಚ್ಚಿಸಿ ಗಳಿಸುವುದು ಏನೂ ಇಲ್ಲ. ಅದರ ಬದಲು ಪ್ರತಿ ನೆಗೆಟಿವ್‌ನ ಅಂಚಿನಲ್ಲಿ 0, 64, 128ರ ಮೂರು ಸಣ್ಣ ಪ್ಯಾಚ್ ಇಡುತ್ತೇನೆ. ಒಣಗಿದ ಮೇಲೆ ಅವನ್ನಷ್ಟೇ ಅಳೆಯುತ್ತೇನೆ. 128 ಒಂದು ಕಡೆಗೇ ಮತ್ತೆ ಮತ್ತೆ ಜಾರುತ್ತಿದ್ದರೆ ದೀಪ ಅಥವಾ ಶಾಯಿ ಬದಲಾಗಿದೆ ಎಂದರ್ಥ, ಹೊಸ ಚಾರ್ಟ್ ಮಾಡಬೇಕು. 0 ಮಾತ್ರ ತಿಳಿಯಾದರೆ ಲೇಪ ತೆಳುವಾಗಿದೆ, ಪ್ರೊಫೈಲ್ ಮುಟ್ಟಬೇಕಿಲ್ಲ. ಪ್ರೊಫೈಲ್‌ನ ಹೆಸರಿನಲ್ಲೇ ಕಾಗದ, ಫಿಲ್ಮ್, ದೀಪ, ಎಕ್ಸ್‌ಪೋಷರ್ ಸಮಯ, ಕರ್ವ್‌ನ ಹೆಸರು ಎಲ್ಲ ಸೇರಿಸಿದ್ದೇನೆ. ಹೆಸರು ಮಾರುದ್ದ ಆಗಿದೆ, ಪ್ರೂಫ್ ಸೆಟಪ್‌ನ ಪಟ್ಟಿಯಲ್ಲಿ ಅರ್ಧವೇ ಕಾಣುತ್ತದೆ, ಅದಕ್ಕೆ ಕಾಗದದ ಹೆಸರನ್ನು ಮುಂದಕ್ಕೆ ತಂದೆ.